ಭೋಗ್ಯದ ದುಡ್ಡು ಬಿಡಿಸಿಕೊಂಡ ಬಗೆ

ಹಾಸನದಲ್ಲಿ ಮನೆ ಹಿಡಿಯುವವರ ಮುಂದೆ ಎರಡು ದಾರಿಗಳಿರುತ್ತವೆ. ಮುಂಗಡ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಒಂದು ದಾರಿ. ಒಂದೇ ಗಂಟಿನಲ್ಲಿ ನಾಲ್ಕೋ ಆರೋ ಲಕ್ಷ ಕೊಟ್ಟು, ಕರಾರಿನ ಅವಧಿ ಮುಗಿಯುವವರೆಗೆ ಬಾಡಿಗೆಯ ಮಾತಿಲ್ಲದೆ ವಾಸವಿದ್ದು, ಮನೆ ಬಿಡುವ ದಿನ ಕೊಟ್ಟ ಹಣವನ್ನೆಲ್ಲ ಹಿಂದಕ್ಕೆ ಪಡೆಯುವ ಭೋಗ್ಯ ಇನ್ನೊಂದು. ಹಣದ ಬಡ್ಡಿಗೆ ಮನೆಯ ಬಾಡಿಗೆ ವಜಾ ಎಂಬುದು ಅದರ ಲೆಕ್ಕ. ಸಾಲಗಾಮೆ ರಸ್ತೆಯಿಂದ ಒಳಗೆ ಬರುವ ಒಂದು ಅಡ್ಡರಸ್ತೆಯಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಮನೆಯನ್ನು 2017ರ ನವೆಂಬರಿನಲ್ಲಿ ನಾವು ಆರು ಲಕ್ಷಕ್ಕೆ, ಮೂರು ವರ್ಷದ ಅವಧಿಗೆ ಹೀಗೆ ಭೋಗ್ಯಕ್ಕೆ ಹಿಡಿದೆವು. ಆಲೂರು ತಾಲ್ಲೂಕಿನ ತೋಟದಲ್ಲಿದ್ದ ಸಿಲ್ವರ್ ಮರಗಳನ್ನು ಮಾರಿ ಮಾವನವರು ಕೊಟ್ಟ ಹಣ, ನಾನು ಎತ್ತಿದ ಒಂದು ಚೀಟಿಯ ಹಣ, ಎರಡೂ ಅದಕ್ಕೆ ಸೇರಿದ್ದವು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ಹಿಡಿದರೆ ಆರು ಲಕ್ಷಕ್ಕೆ ಆರು ಸಾವಿರ. ಅದೇ ಮನೆಗೆ ನಮಗೆ ಮೊದಲು ಹೇಳಿದ್ದ ಬಾಡಿಗೆ ಏಳು ಸಾವಿರ. ಲೆಕ್ಕ ನಮ್ಮ ಕಡೆಗೇ ವಾಲಿತ್ತು.

ಆ ಬೀದಿ ಬದುಕುತ್ತಿದ್ದುದೇ ವಿದ್ಯಾರ್ಥಿಗಳಿಂದ. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ಹತ್ತಿರವೇ ಇರುವುದರಿಂದ ಹಿತ್ತಿಲಲ್ಲಿ ಹತ್ತಡಿ ಜಾಗವಿದ್ದವರೂ ಎರಡು ರೂಮು ಕಟ್ಟಿ ಹುಡುಗರಿಗೆ ಕೊಟ್ಟಿದ್ದರು. ನಮ್ಮ ಮನೆಯ ಮಾಲೀಕರು ನೆಲಮಹಡಿಯಲ್ಲಿ ಮೆಸ್ ನಡೆಸುತ್ತಿದ್ದರು. ಬೆಳಗ್ಗೆ ಚಿತ್ರಾನ್ನವೋ ಪಲಾವೋ, ರಾತ್ರಿ ಚಪಾತಿ, ಭಾನುವಾರ ಮಧ್ಯಾಹ್ನ ಕೋಳಿಸಾರು. ನಮ್ಮ ಮನೆಯವರಿಗೆ ಒಂದು ಟೆಂಪೋ ಟ್ರಾವೆಲರ್ ಇತ್ತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಪ್ರವಾಸಿಗರನ್ನು ಕರೆದೊಯ್ಯುವುದು, ಮದುವೆ ಕಾಲದಲ್ಲಿ ದಿಬ್ಬಣ ಸಾಗಿಸುವುದು ಅವರ ಕೆಲಸ. ನಾನು ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಈ ಮೂರು ಆದಾಯಗಳೂ ಒಂದೇ ವಾರದಲ್ಲಿ ಕುಸಿದವು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಗ್ಗಿತೆಂಬ ಮೊದಲ ಅಂದಾಜನ್ನು ಸರ್ಕಾರ ಪ್ರಕಟಿಸಿದ್ದು ಆಗಸ್ಟ್ ಕೊನೆಯಲ್ಲಿ. ನಮ್ಮ ಬೀದಿಯ ದಿನಸಿ ಅಂಗಡಿಯ ಕಡದ ಪುಸ್ತಕ ಅದನ್ನು ಮೇ ತಿಂಗಳಲ್ಲೇ ಹೇಳಿತ್ತು; ಅಲ್ಲಿಯವರೆಗೆ ಕಡ ಬರೆಸದವರ ಹೆಸರುಗಳೂ ಅದರಲ್ಲಿ ಸೇರಿಕೊಂಡಿದ್ದವು.

ಬೀಗ ಹಾಕಿದ ರೂಮುಗಳ ವ್ಯಾಜ್ಯವೇ ಎಲ್ಲಕ್ಕಿಂತ ಮೊದಲು ಶುರುವಾಯಿತು. ನಾಲ್ಕು ದಿನದ ರಜೆಯೆಂದು ಊರಿಗೆ ಹೋದ ಹುಡುಗರು ತಿಂಗಳುಗಟ್ಟಲೆ ಬರಲಿಲ್ಲ; ಹಾಸಿಗೆ, ಪುಸ್ತಕ, ಪ್ರೆಷರ್ ಕುಕ್ಕರ್ ಎಲ್ಲವೂ ಒಳಗೇ ಇದ್ದವು. ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಬಲವಂತವಾಗಿ ಹೊರಹಾಕಬಾರದು ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಹೊರಡಿಸಿದ ಆದೇಶವನ್ನು ಪೋಷಕರು ತಮಗೆ ಬೇಕಾದಂತೆ ಓದಿಕೊಂಡರು, ಮಾಲೀಕರು ತಮಗೆ ಬೇಕಾದಂತೆ ಓದಿಕೊಂಡರು. ಜೂನ್ ನಂತರ ಪೋಷಕರು ಒಬ್ಬೊಬ್ಬರಾಗಿ ಪಿಕಪ್ ವಾಹನ ತಂದು ಸಾಮಾನು ಒಯ್ಯತೊಡಗಿದರು. ಬರಲಾಗದ ಒಬ್ಬ ಹುಡುಗ ವಿಡಿಯೋ ಕಾಲ್ ಮಾಡಿ, ಎದುರು ಮನೆಯ ಅಜ್ಜಿ ಒಳಗಿನ ಒಂದೊಂದು ವಸ್ತುವನ್ನೂ ಎತ್ತಿ ಮೊಬೈಲಿನ ಮುಂದೆ ಹಿಡಿದಂತೆ, ಅದು ತನ್ನದು, ಇದು ರೂಮ್‌ಮೇಟಿನದು ಎಂದು ಹೇಳುತ್ತಿದ್ದ. ನಕ್ಷೆ ಬರೆಯುವ ಸಾಧನವಾದ ಡ್ರಾಫ್ಟರಿನ, ಇಲಿ ಕಡಿದ ಚೀಲವನ್ನು ಅಜ್ಜಿ ಎತ್ತಿ ತೋರಿಸಿ, "ಇದನ್ನೂ ಕಳಿಸ್ಬೇಕೇನಪ್ಪ?" ಎಂದು ಕೇಳಿದಾಗ ಅವನು ಬಹಳ ಹೊತ್ತು ಯೋಚಿಸಿ ಬೇಡವೆಂದ. ಬಾಡಿಗೆಯ ವಿಷಯದಲ್ಲಿ ಅರ್ಧಕ್ಕೆ ಒಪ್ಪಂದವಾಯಿತು. ಬೀದಿಯಲ್ಲಿ ಹೆಚ್ಚಿನವು ಹಾಗೆಯೇ ಅರ್ಧಕ್ಕೆ ಮುಗಿದವು.

ಭೋಗ್ಯದವರಿಗೆ ಆ ಜಗಳವಿರಲಿಲ್ಲ. ಕಟ್ಟಲು ಬಾಡಿಗೆಯೇ ಇಲ್ಲವಲ್ಲ. ನಮ್ಮನ್ನು ಕಂಡು ಹಲವರು ನೀವೇ ಪುಣ್ಯವಂತರು ಎಂದರು. ನಮ್ಮ ಕಷ್ಟ ಬೇರೆ ಕಡೆ ಇತ್ತು. ಗಾಡಿಯ ಮೇಲೆ ನಾಲ್ಕು ಲಕ್ಷದ ಎಪ್ಪತ್ತು ಸಾವಿರ ಸಾಲ ಉಳಿದಿತ್ತು. ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಮೂರು ತಿಂಗಳಿಗೆ, ಮೇ ತಿಂಗಳಲ್ಲಿ ಮತ್ತೆ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿದ್ದರೂ ಬಡ್ಡಿಗೆ ರಜೆ ಇರಲಿಲ್ಲ. ಅದು ಬೆಳೆದು ಅಸಲಿಗೆ ಸೇರುತ್ತಿತ್ತು. ಮನೆ ಮುಂದೆ ಕದಲದೆ ನಿಂತಿದ್ದ ಹಳದಿ ಬೋರ್ಡಿನ ಗಾಡಿಗೆ ನಾವು ವರ್ಷಕ್ಕೆ ನೂರಕ್ಕೆ ಹದಿನಾಲ್ಕರಂತೆ ಬಡ್ಡಿ ತೆರುತ್ತಿದ್ದೆವು, ನಮ್ಮದೇ ಆರು ಲಕ್ಷ ನಮ್ಮ ತಲೆಯ ಮೇಲಿನ ಸೂರಾಗಿ ಕುಳಿತಿತ್ತು. ನವೆಂಬರಿಗೆ ಅವಧಿ ಮುಗಿಯುವುದರಿಂದ ಹಣ ಬಿಡಿಸಿಕೊಂಡು, ಗಾಡಿಯ ಸಾಲ ತೀರಿಸಿ, ಸಣ್ಣ ಬಾಡಿಗೆ ಮನೆಗೆ ಹೋಗುವುದೆಂದು ತೀರ್ಮಾನಿಸಿ, ಕರಾರಿನಲ್ಲಿದ್ದಂತೆ ಮೂರು ತಿಂಗಳು ಮೊದಲೇ, ಆಗಸ್ಟಿನಲ್ಲಿ, ಮಾಲೀಕರಿಗೆ ತಿಳಿಸಿದೆವು.

ಅವರು ನಯವಂತರು. "ಮೇಡಂ, ದುಡ್ಡು ಇದ್ದಿದ್ರೆ ನೀವು ಕೇಳೋಕೆ ಮುಂಚೆ ನಾನೇ ಮೇಲೆ ಹತ್ತಿ ಬಂದು ಕೊಡ್ತಿದ್ದೆ. ಅದು ಕಂಟ್ರಾಕ್ಟರ್ ಕೈ ಸೇರಿ ಮೂರು ವರ್ಷ ಆಯ್ತಲ್ಲ" ಎಂದರು. ನಾವು ವಾಸವಿದ್ದ ಮಹಡಿಯನ್ನು ಕಟ್ಟಿದ್ದೇ ಬ್ಯಾಂಕಿನ ಸಾಲ ಮತ್ತು ನಮ್ಮ ಭೋಗ್ಯದ ಹಣದಿಂದ. ಭೋಗ್ಯದ ಮನೆಗಳಲ್ಲಿ ಇದು ಸಾಮಾನ್ಯ. ಹಣ ಯಾರ ಬೀರುವಿನಲ್ಲೂ ಇರುವುದಿಲ್ಲ. ಹೊಸಬರು ಬಂದು ಕೊಟ್ಟ ಹಣವನ್ನು ಹಳಬರಿಗೆ ಕೊಟ್ಟು ಕಳಿಸುವುದೇ ವಾಡಿಕೆ. ಹೊಸಬರು ಬರುತ್ತಿರುವವರೆಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ನ್ಯಾಯಾಲಯದ ಬಳಿ ಕಚೇರಿ ಇರುವ, ನಮ್ಮ ಮನೆಯವರಿಗೆ ಪರಿಚಯದ ವಕೀಲರೊಬ್ಬರಿಗೆ ಕರಾರನ್ನು ತೋರಿಸಿದೆವು. ಅವರು ಅದನ್ನು ಓದುವ ಮೊದಲು ಛಾಪಾ ಕಾಗದದ ಬೆಲೆ ನೋಡಿದರು. ಸ್ವಾಧೀನ ಕೊಟ್ಟು, ಬಡ್ಡಿಯ ಬದಲು ಮನೆಯ ಅನುಭೋಗ ಕೊಡುವ ಇಂಥ ವ್ಯವಹಾರ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ಬಗೆಯ ಅಡಮಾನವೇ ಆಗಬಹುದೆಂದೂ, ನೂರು ರೂಪಾಯಿ ಮೀರಿದ ಅಂಥ ಅಡಮಾನಕ್ಕೆ ನೋಂದಣಿಯೂ ಇಬ್ಬರು ಸಾಕ್ಷಿಗಳ ಸಹಿಯೂ ಬೇಕೆಂದೂ ವಿವರಿಸಿದರು. ಬೀದಿಯ ಎಲ್ಲ ಭೋಗ್ಯ ಪತ್ರಗಳಂತೆ ನಮ್ಮದೂ ನೋಟರಿ ಮುದ್ರೆಯ ಕಾಗದ. ಅದನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿದರೆ ಕಡಿಮೆಯಾದ ಮುದ್ರಾಂಕ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾದೀತು. ಹಣ ಕೊಟ್ಟದ್ದು ಚೆಕ್ಕಿನಲ್ಲಿ ಎಂಬುದೊಂದನ್ನು ಅವರು ಮೆಚ್ಚಿದರು. ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನಾಗಲಿ ಠೇವಣಿಯನ್ನಾಗಲಿ ನಗದಾಗಿ ಪಡೆಯುವುದನ್ನೂ ಮರಳಿಸುವುದನ್ನೂ ಆದಾಯ ತೆರಿಗೆ ಕಾಯ್ದೆ ನಿಷೇಧಿಸುತ್ತದಾದ್ದರಿಂದ, ವಾಪಸ್ ಪಡೆಯುವಾಗಲೂ ಖಾತೆಯ ಮೂಲಕವೇ ಪಡೆಯಿರಿ ಎಂದರು. ಮಾಲೀಕರ ಮನೆಯ ಮೇಲೆ ನೋಂದಣಿಯಾದ ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಲು ಹೇಳಿದ್ದೂ ಅವರೇ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಿ ತೆಗೆಸಿದ ಆ ಪತ್ರದಲ್ಲಿ ಬ್ಯಾಂಕಿನ ಅಡಮಾನ ಸ್ಪಷ್ಟವಾಗಿತ್ತು. ನಮ್ಮ ಆರು ಲಕ್ಷದ ಸುಳಿವೂ ಇರಲಿಲ್ಲ. ಮೂರು ತಿಂಗಳು ಕಂತು ನಿಂತರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಅರವತ್ತು ದಿನಗಳ ನೋಟಿಸು ಕೊಟ್ಟು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜಿಗೆ ಇಡಬಹುದು; ಆಗ ಮೊದಲ ಹಕ್ಕು ಬ್ಯಾಂಕಿನದು. ಮೆಸ್ ಮುಚ್ಚಿದ್ದ ಮಾಲೀಕರು ಆಗಸ್ಟ್‌ವರೆಗೆ ಕಂತು ಮುಂದೂಡಿಕೊಂಡಿದ್ದರು. ಆ ದಿನದವರೆಗೆ ಸರಿಯಿದ್ದ ಖಾತೆಗಳನ್ನು ಮುಂದಿನ ಆದೇಶದವರೆಗೆ ವಸೂಲಾಗದ ಸಾಲವೆಂದು ಘೋಷಿಸಬಾರದೆಂದು ಸುಪ್ರೀಂ ಕೋರ್ಟು ಸೆಪ್ಟೆಂಬರ್ 3ರಂದು ಮಧ್ಯಂತರ ಆದೇಶ ಕೊಟ್ಟಾಗ ನಮ್ಮ ಕೆಳಮನೆಯವರಿಗಿಂತ ನಾನೇ ಹೆಚ್ಚು ಸಮಾಧಾನಪಟ್ಟಿರಬೇಕು.

ಹೊಸಬರನ್ನು ಹುಡುಕುವ ಕೆಲಸ ಮಾಲೀಕರದೇ ಆದರೂ ನಾವೂ ಕೈಜೋಡಿಸಿದೆವು, ಏಕೆಂದರೆ ತುರ್ತು ನಮ್ಮದು. "ಮನೆ ಭೋಗ್ಯಕ್ಕೆ ಇದೆ" ಎಂಬ ಬೋರ್ಡುಗಳು ವಿದ್ಯಾನಗರದಿಂದ ಹೇಮಾವತಿ ನಗರದವರೆಗೆ ಬೀದಿಗೆರಡರಂತೆ ತೂಗುತ್ತಿದ್ದವು. ಆರು ಲಕ್ಷ ಎಂದೊಡನೆ ಫೋನು ಇಡುತ್ತಿದ್ದರು. ಬ್ರೋಕರೊಬ್ಬರು ಅದನ್ನು ಐದಕ್ಕೆ ಇಳಿಸಿ ಎಂದರು, ತಮ್ಮ ಕಮಿಷನ್ ಮಾತ್ರ ಇಳಿಸಲಿಲ್ಲ. ಸೆಪ್ಟೆಂಬರ್ ಹೊಕ್ಕಿದ್ದೇ ಪಿತೃಪಕ್ಷ, ಅದರ ಬೆನ್ನಿಗೇ ಆ ವರ್ಷ ಅಧಿಕ ಆಶ್ವಯುಜ; ಅಕ್ಟೋಬರ್ ನಡುವಿನವರೆಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಯಾರೂ ಸಿದ್ಧರಿರಲಿಲ್ಲ. ಡಿಸೆಂಬರ್ ನಡುವಿಗೆ ಧನುರ್ಮಾಸ. ನಡುವೆ ಉಳಿದದ್ದು ಎರಡು ತಿಂಗಳು. ನನಗೆ ಇಂಥದರಲ್ಲಿ ನಂಬಿಕೆ ಕಡಿಮೆ, ಆದರೆ ಮನೆ ನೋಡಲು ಬರುವವರಿಗೆ ಇದ್ದ ಮೇಲೆ ಪಂಚಾಂಗವೂ ಮಾರುಕಟ್ಟೆಯ ಭಾಗವೇ.

ದಾರಿ ಕಂಡದ್ದು ದಿನಸಿ ಅಂಗಡಿಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಒಬ್ಬರು, ಸಂಬಳ ನಿಲ್ಲದ ಕೆಲವೇ ಜನರಲ್ಲಿ ಅವರೂ ಒಬ್ಬರು, ಹಾಸನದ್ದೇ ಕೆ.ಆರ್.ಪುರಂನ ಭೋಗ್ಯದ ಮನೆ ಬಿಟ್ಟು ಸ್ವಲ್ಪ ದೊಡ್ಡ ಮನೆ ಹುಡುಕುತ್ತಿದ್ದಾರೆಂದು ಅಂಗಡಿಯವರು ಹೇಳಿದರು. ಅವರು ನಮ್ಮ ಮನೆಯನ್ನು ನೋಡಿ ಮೆಚ್ಚಿದರು. ಐದು ಲಕ್ಷ ಕೊಡಬಲ್ಲರು, ಆದರೆ ಅದರಲ್ಲಿ ನಾಲ್ಕು ಲಕ್ಷ ಅವರ ಈಗಿನ ಮಾಲೀಕರ ಬಳಿ ಇದೆ. ಆ ಮಾಲೀಕರು ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಅವರ ಬಳಿಯೂ ಹಣವಿಲ್ಲ. ಅವರ ಮನೆಗೆ ಬರಲು ಒಪ್ಪಿದವರು ಬೆಂಗಳೂರಿನಿಂದ ಹಿಂದಿರುಗಿ ಅತ್ತೆಯ ಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಳಿಯ. ಅವರು ಕೊಡಬಹುದಾದ ಮೂರು ಲಕ್ಷದಲ್ಲಿ ಒಂದೂವರೆ ಲಕ್ಷ ಬೆಂಗಳೂರಿನ ಮನೆಯ ಹತ್ತು ತಿಂಗಳ ಮುಂಗಡ. ಅಲ್ಲಿನ ಮಾಲೀಕರು ಬಣ್ಣ ಬಳಿಸುವುದಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದದ್ದನ್ನು ಬೇರೆ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅಂದರೆ ನಮ್ಮ ಗಾಡಿಯ ಸಾಲ ತೀರಬೇಕಾದರೆ ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ, ನಾವಾರೂ ನೋಡದ ಒಂದು ಮನೆಗೆ ಯಾರಾದರೂ ಬಾಡಿಗೆಗೆ ಬರಬೇಕಿತ್ತು.

ಇಷ್ಟು ತಿಳಿದ ಮೇಲೆ ಒಬ್ಬೊಬ್ಬರ ಹಿಂದೆ ಒಬ್ಬೊಬ್ಬರು ಅಲೆಯುವುದು ವ್ಯರ್ಥವೆನ್ನಿಸಿ, ಎಲ್ಲರನ್ನೂ ಒಂದು ಕಡೆ ಕೂರಿಸಲು ನಾನೇ ಸೂಚಿಸಿದೆ. ದಸರಾ ಕಳೆದ ಭಾನುವಾರ, ಖಾಲಿ ಬಿದ್ದಿದ್ದ ಮೆಸ್ಸಿನ ಉದ್ದನೆಯ ಮೇಜುಗಳಿಗೆ ಮಾಸ್ಕು ಹಾಕಿಕೊಂಡು ಅಷ್ಟು ದೂರ ದೂರ ಕುಳಿತು ಐದು ಮನೆಯವರು ತಂತಮ್ಮ ಕಾಗದಗಳನ್ನು ಬಿಚ್ಚಿದೆವು. ಇದು ಸುಲಭದ ಮಾತಲ್ಲ. ನಮ್ಮ ಕಡೆ ಜನ ಮಗಳ ಮದುವೆಯ ಸಾಲವನ್ನು ಬೇಕಾದರೆ ಹೇಳಿಯಾರು, ಬ್ಯಾಂಕಿನ ಪಾಸ್‌ಬುಕ್ಕನ್ನು ಪಕ್ಕದ ಮನೆಯವರ ಮುಂದೆ ತೆರೆಯುವುದಿಲ್ಲ. ಮೊದಲು ತೆರೆದವರು ಟೀಚರಮ್ಮ. "ನನ್ನ ಹತ್ರ ಒಂದು ಲಕ್ಷದ ಎಫ್‌ಡಿ ಇದೆ, ಮುರಿಸ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೇಳ್ಬೇಡಿ" ಎಂದು ಹೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಳಿಯ ಬೆಂಗಳೂರಿನ ಮುಂಗಡಕ್ಕೆ ಕಾಯುವ ಬದಲು ಕೋವಿಡ್ ಕಾರಣಕ್ಕೆ ಮಾರ್ಚ್ ಕೊನೆಯಲ್ಲಿ ತೆರೆದಿದ್ದ ಭವಿಷ್ಯ ನಿಧಿಯ ಮುಂಗಡಕ್ಕೆ ಅರ್ಜಿ ಹಾಕುವುದಾಗಿ ಒಪ್ಪಿದರು. ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಅಥವಾ ಖಾತೆಯಲ್ಲಿರುವುದರ ಶೇ 75, ಇವೆರಡರಲ್ಲಿ ಕಡಿಮೆಯಾದದ್ದನ್ನು ಮರಳಿ ಕಟ್ಟಬೇಕಿಲ್ಲದ ಮುಂಗಡವಾಗಿ ಪಡೆಯಬಹುದಿತ್ತು. ಅದಕ್ಕೆ ಅವರ ಉಳಿತಾಯವೂ ಅತ್ತೆಯವರ ಕೈಸಾಲವೂ ಸೇರಿ ಮೂರು ಲಕ್ಷವಾಗುವುದೆಂದು ಲೆಕ್ಕ ಕೂಡಿತು.

ಉಳಿದದ್ದು ನಮ್ಮ ಮನೆಯ ಒಂದು ಲಕ್ಷದ ಕೊರತೆ. ಶುಶ್ರೂಷಕಿ ಐದಕ್ಕಿಂತ ಮೇಲೆ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಮಾಲೀಕರ ಹೆಂಡತಿ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋಗಿ ಎರಡೆಳೆಯ ಸರ ತಂದು ಗಂಡನ ಮುಂದಿಟ್ಟರು. ಆ ಆಗಸ್ಟಿನಲ್ಲಿ ಹತ್ತು ಗ್ರಾಂ ಚಿನ್ನ ಐವತ್ತು ಸಾವಿರ ದಾಟಿತ್ತು. ಚಿನ್ನದ ಬೆಲೆಯ ಶೇ 75ರ ಬದಲು ಶೇ 90ರವರೆಗೆ ಬ್ಯಾಂಕುಗಳು ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕ್ ಆಗಸ್ಟ್ 6ರಂದು ಮಾಡಿದ ಸಡಿಲಿಕೆ 2021ರ ಮಾರ್ಚ್ 31ರವರೆಗೆ ಜಾರಿಯಲ್ಲಿತ್ತು. ಸರದ ಮೇಲೆ ಐವತ್ತು ಸಾವಿರ ಹುಟ್ಟುತ್ತದೆಂದು ಅಂದಾಜಾಯಿತು. ಮಿಕ್ಕ ಐವತ್ತು ಸಾವಿರಕ್ಕೆ ಮಾರ್ಚ್ ಮತ್ತು ಮೇ ತಿಂಗಳ ತಾರೀಖಿನ ಎರಡು ಚೆಕ್ಕುಗಳನ್ನು ಪಡೆಯಲು ನಾವು ಒಪ್ಪಿದೆವು.

ಶುಶ್ರೂಷಕಿ ಮಾತ್ರ ಹಳೆಯ ನಮೂನೆಯ ಕರಾರಿಗೆ ಒಪ್ಪಲಿಲ್ಲ, ಅದು ಸರಿಯಾದ ನಿಲುವೆಂದು ನಾನು ಆಗಲೂ ಭಾವಿಸಿದೆ. ನೋಂದಣಿ ಬೇಕೆಂದರು. ಬ್ಯಾಂಕಿಗೆ ಅಡವಿರುವ ಮನೆಯ ಮೇಲೆ ಮತ್ತೊಂದು ಅಡಮಾನ ಬರೆಯಲು ಬ್ಯಾಂಕಿನ ಒಪ್ಪಿಗೆ ಬೇಕು. ಅದಕ್ಕೆ ಮೇಲಿನ ಕಚೇರಿಗೆ ಅರ್ಜಿ ಹೋಗಿ ಬರುವಷ್ಟರಲ್ಲಿ ಧನುರ್ಮಾಸ ಬರುತ್ತಿತ್ತು. ಕೊನೆಗೆ ವಕೀಲರು ಎರಡು ಷರತ್ತು ಸೇರಿಸಿದರು. ಮಾಲೀಕರು ಗೃಹಸಾಲದ ಲೆಕ್ಕಪಟ್ಟಿಯನ್ನು ಪ್ರತಿ ತಿಂಗಳೂ ಶುಶ್ರೂಷಕಿಗೆ ತೋರಿಸಬೇಕು. ಎರಡು ಕಂತು ತಪ್ಪಿದರೆ ಆಕೆ ನೇರವಾಗಿ ಸಾಲದ ಖಾತೆಗೆ ಕಟ್ಟಬಹುದು, ಕಟ್ಟಿದ್ದು ಭೋಗ್ಯದ ಮೊತ್ತಕ್ಕೆ ಸೇರುತ್ತದೆ. ಬ್ಯಾಂಕಿನ ಮೊದಲ ಹಕ್ಕು ಇದರಿಂದ ಹೋಗುವುದಿಲ್ಲವೆಂದು ವಕೀಲರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೂ ಕಂತು ತಪ್ಪಿದ್ದು ನೋಟಿಸು ಬಾಗಿಲಿಗೆ ಅಂಟುವ ಮೊದಲೇ ತಿಳಿಯುತ್ತದೆ, ನಮಗೆ ಆ ಅನುಕೂಲವೂ ಇರಲಿಲ್ಲ.

ಕಾಲೇಜುಗಳು ನವೆಂಬರ್ 17ರಿಂದ ತೆರೆದವು. ಹುಡುಗರು ಬೆರಳೆಣಿಕೆಯಷ್ಟೇ ಬಂದರೂ ಮೆಸ್ಸಿನ ಒಲೆ ಹತ್ತಿತು. ಹಣ ಕೈಬದಲಾಗುವ ದಿನವನ್ನು ಆ ತಿಂಗಳ ಕೊನೆಯ ವಾರಕ್ಕೆ ಇಟ್ಟುಕೊಂಡೆವು. ಬೆಳಗ್ಗೆ ಅಳಿಯನಿಂದ ಟೀಚರಮ್ಮನಿಗೆ, ಅವರಿಂದ ಶುಶ್ರೂಷಕಿಗೆ, ಅವರಿಂದ ನಮ್ಮ ಮಾಲೀಕರಿಗೆ, ಅವರಿಂದ ನಮಗೆ, ಹೀಗೆ ಒಂದರ ಹಿಂದೆ ಒಂದು, ದೊಡ್ಡ ಮೊತ್ತವನ್ನು ಖಾತೆಯಿಂದ ಖಾತೆಗೆ ಕೂಡಲೇ ದಾಟಿಸುವ ಆರ್‌ಟಿಜಿಎಸ್ ಆಗಬೇಕು. ಆಗ ಅದು ದಿನವಿಡೀ ನಡೆಯುತ್ತಿರಲಿಲ್ಲ, ಇಪ್ಪತ್ತನಾಲ್ಕು ಗಂಟೆಯ ಸೌಲಭ್ಯ ಬಂದದ್ದು ಡಿಸೆಂಬರ್ 14ರಿಂದ. ಮೊದಲ ಹಣ ಹತ್ತೂವರೆಗೆ ಬಂತು. ಎರಡನೆಯದು ಕೌಂಟರಿನಲ್ಲಿ ನಿಂತಿತು. ಟೀಚರಮ್ಮನ ಸಹಿ ಬ್ಯಾಂಕಿನ ದಾಖಲೆಯ ಸಹಿಗೆ ಹೊಂದುತ್ತಿಲ್ಲವೆಂದು ಗುಮಾಸ್ತರು ಫಾರಂ ಹಿಂದಿರುಗಿಸಿದರು. ಕೈ ನಡುಗುವುದಕ್ಕೆ ಮುಂಚಿನ, ಅವರು ಸೇವೆಯಲ್ಲಿದ್ದಾಗ ಮಾಡಿದ ಸಹಿ ಅದು, ಇಳಿಜಾರಾಗಿ, ಕೊನೆಯಲ್ಲಿ ಒಂದು ಗೆರೆ ಎಳೆದದ್ದು. ನೆಲದ ಮೇಲೆ ಬಳಿದ ಬಿಳಿ ವೃತ್ತದೊಳಗೆ ನಿಂತು ಅವರು ಮತ್ತೊಂದು ಫಾರಂ ಮೇಲೆ ಆ ಗೆರೆಯನ್ನು ಎಳೆಯಲು ನೋಡಿದರು. ಪೆನ್ನು ಪೆಟ್ಟಿಗೆಯ ಆಚೆ ಜಾರಿತು. ಕೊನೆಗೆ ವ್ಯವಸ್ಥಾಪಕರು ಅವರನ್ನು ಒಳಗೆ ಕರೆದು ಕೂರಿಸಿ, ಆಧಾರ್ ನೋಡಿ, ಹೊಸ ಮಾದರಿ ಸಹಿ ಪಡೆದು ದಾಖಲೆ ಬದಲಿಸಿ ಕಳಿಸಿದರು. ಅಷ್ಟರಲ್ಲಿ ಎರಡೂವರೆ. ಉಳಿದ ಎರಡು ವರ್ಗಾವಣೆಗಳು ಸಂಜೆ ನಾಲ್ಕರೊಳಗೆ ಮುಗಿದವು, ಐದೂವರೆ ಲಕ್ಷ ನನ್ನ ಖಾತೆಗೆ ಬಂದ ಸಂದೇಶವನ್ನು ನಾನು ಕೆಳಗೆ ಇಳಿದು ಮಾಲೀಕರಿಗೆ ತೋರಿಸಿದೆ.

ಮನೆ ಖಾಲಿ ಮಾಡುವುದು ಹಣದಷ್ಟು ಕ್ರಮವಾಗಿ ನಡೆಯಲಿಲ್ಲ. ಒಂದು ಮನೆ ಖಾಲಿಯಾಗದೆ ಇನ್ನೊಂದಕ್ಕೆ ಸಾಮಾನು ಇಳಿಯದು. ನಮ್ಮ ಸಾಮಾನು ನಮ್ಮದೇ ಗಾಡಿಯ ಸೀಟು ಬಿಚ್ಚಿ ತಣ್ಣೀರುಹಳ್ಳದ ಕಡೆಯ ಬಾಡಿಗೆ ಮನೆಗೆ ಹೋಗುವಷ್ಟರಲ್ಲಿ ಶುಶ್ರೂಷಕಿಯ ಬೀರು, ಮಂಚ, ತೊಟ್ಟಿಲು ಒಂದು ರಾತ್ರಿ ಮೆಸ್ಸಿನ ಮೇಜುಗಳ ನಡುವೆ ಇದ್ದವು, ಊಟಕ್ಕೆ ಬಂದ ಹುಡುಗರು ಬೀರುವಿಗೆ ಒರಗಿ ಉಂಡರು. ವಿದ್ಯುತ್ ಮೀಟರಿನ ಅಂಕಿಯನ್ನು ಎರಡೂ ಕಡೆಯವರು ಫೋಟೋ ತೆಗೆದುಕೊಂಡೆವು. ಗೋಡೆಯ ಮೊಳೆಗಳಿಗೆ ಯಾರೂ ದುಡ್ಡು ಕೇಳಲಿಲ್ಲ.

ಹೊಸ ಮನೆಗೆ ನಾಲ್ಕೂವರೆ ಸಾವಿರ ಬಾಡಿಗೆ, ನಲವತ್ತು ಸಾವಿರ ಮುಂಗಡ, ಹನ್ನೊಂದು ತಿಂಗಳ ಕರಾರು. ಗಾಡಿಯ ಸಾಲ ತೀರಿಸಿ, ಹಣಕಾಸು ಸಂಸ್ಥೆಯ ಬಾಕಿ ಇಲ್ಲದ ಪತ್ರ ಮತ್ತು ನಮೂನೆ 35ನ್ನು ಆರ್‌ಟಿಓ ಕಚೇರಿಗೆ ಕೊಟ್ಟು ನೋಂದಣಿ ಪುಸ್ತಕದಿಂದ ಸಾಲದ ನಮೂದನ್ನು ತೆಗೆಸಿದೆವು. ಉಳಿದದ್ದು ವಿಮೆಗೆ ಸರಿಹೋಯಿತು. ಮಾರ್ಚ್ ತಿಂಗಳ ಚೆಕ್ಕು ಪಾಸಾಯಿತು. ಮೇ ತಿಂಗಳದ್ದಕ್ಕೆ ಮೊದಲೇ, 2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೆ ಬಾಗಿಲು ಹಾಕಿತು, ಹುಡುಗರು ಮತ್ತೆ ಊರಿಗೆ ಹೋದರು. ಮಾಲೀಕರು ಫೋನು ಮಾಡಿ ಸ್ವಲ್ಪ ತಡೆಯಿರಿ ಎಂದರು, ನಾವು ತಡೆದೆವು. ಚೆಕ್ಕಿಗೆ ಮೂರೇ ತಿಂಗಳ ಆಯುಷ್ಯವಾದ್ದರಿಂದ ಆಗಸ್ಟಿನಲ್ಲಿ ಅದನ್ನು ಹಿಂದಿರುಗಿಸಿ ಹೊಸದನ್ನು ಬರೆಸಿಕೊಂಡೆವು, ಅದು ಜಮೆಯಾಯಿತು. ಮೂಲ ಕರಾರಿನ ಹಿಂಬದಿಯಲ್ಲಿ ಪೂರ್ತಿ ಹಣ ಸಂದಾಯವಾಗಿದೆ ಎಂಬ ಷರಾ ಬರೆದು, ನಮ್ಮ ಮನೆಯವರೂ ನಾನೂ ಸಹಿ ಹಾಕಿ, ಮೆಸ್ಸಿಗೆ ಹೋಗಿ ಅವರ ಕೈಗೇ ಕೊಟ್ಟು ಬಂದೆವು.